ಸ್ಟ್ಯಾಮ್‌ಫರ್ಡ್‌ನ ಕಲ್ಲಿನ ಮನೆಗಳು: ಮುಂಬಾಗಿಲಿನಿಂದ ಹಿತ್ತಿಲವರೆಗೆ

ಈ ಊರನ್ನು ಮೊದಲ ಸಲ ನೋಡುವವರು ದಕ್ಷಿಣದಿಂದ, ನಡೆದುಕೊಂಡು ಬರಬೇಕು. ಸೇಂಟ್ ಮಾರ್ಟಿನ್ಸ್ ಬೀದಿ ನಿಧಾನವಾಗಿ ಇಳಿಯುತ್ತಾ ವೆಲಂಡ್ ಹೊಳೆಯ ಸೇತುವೆಗೆ ಬಂದು ಸೇರುತ್ತದೆ. ಹೊಳೆಯ ಆಚೆ ಬೀದಿ ಮತ್ತೆ ಏರತೊಡಗುತ್ತದೆ. ಏರಿನ ತುದಿಯಲ್ಲಿ ಸೇಂಟ್ ಮೇರಿ ಚರ್ಚಿನ ಚೂಪಾದ ಗೋಪುರ. ಎರಡೂ ಕಡೆ ಮನೆಗಳು, ಒಂದಕ್ಕೊಂದು ಹೆಗಲು ಕೊಟ್ಟು ನಿಂತಂತೆ. ಎತ್ತರ ಬೇರೆ, ಕಿಟಕಿಯ ಅಂದ ಬೇರೆ, ಕಟ್ಟಿದ ಶತಮಾನವೂ ಬೇರೆ. ಆದರೆ ಬಣ್ಣ ಒಂದೇ. ಬೆಣ್ಣೆ ಕಾಯಿಸಲು ಇಟ್ಟಾಗ ಕರಗುವ ಮೊದಲು ಒಂದು ಕ್ಷಣ ಹಳದಿ ತಿರುಗುತ್ತದಲ್ಲ, ಹೆಚ್ಚುಕಡಿಮೆ ಆ ಬಣ್ಣ. ಗೋಡೆಯೂ ಅದೇ, ಚರ್ಚೂ ಅದೇ, ಸೇತುವೆಯೂ ಅದೇ, ತಲೆಯೆತ್ತಿ ನೋಡಿದರೆ ಚಾವಣಿಯೂ ಅದೇ ಕಲ್ಲು.

ಲಂಡನ್ನಿನಿಂದ ಉತ್ತರಕ್ಕೆ ಸುಮಾರು 145 ಕಿಲೋಮೀಟರ್ ದೂರದಲ್ಲಿ, ಲಿಂಕನ್‌ಶೈರಿನ ದಕ್ಷಿಣದ ತುದಿಯಲ್ಲಿರುವ ಸ್ಟ್ಯಾಮ್‌ಫರ್ಡ್ ಒಂದು ಸಂತೆಯ ಊರು. ಇಂದಿಗೂ ಶುಕ್ರವಾರ ಬೀದಿಯಲ್ಲಿ ಸಂತೆ ಕೂಡುತ್ತದೆ. ಜನಸಂಖ್ಯೆ ಸುಮಾರು ಇಪ್ಪತ್ತು ಸಾವಿರ. ಇಷ್ಟು ಚಿಕ್ಕ ಊರಿನಲ್ಲಿ ಆರು ನೂರಕ್ಕೂ ಹೆಚ್ಚು ಕಟ್ಟಡಗಳು ಸರ್ಕಾರದ ಸಂರಕ್ಷಿತ ಪಟ್ಟಿಯಲ್ಲಿವೆ. ನೋಡಿ ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ: ಇದನ್ನೆಲ್ಲ ಇಷ್ಟು ಚೆನ್ನಾಗಿ ಹೇಗೆ ಉಳಿಸಿಕೊಂಡರು? ನಾನೂ ಮೊದಲು ಅದನ್ನೇ ಕೇಳಿದ್ದೆ. ಈಗ ನನಗೆ ಬೇರೆ ಎರಡು ಪ್ರಶ್ನೆಗಳು ಮುಖ್ಯವಾಗಿ ಕಾಣುತ್ತವೆ. ಈ ಕಲ್ಲು ಎಲ್ಲಿಂದ ಬಂತು ಎಂಬುದು ಮೊದಲನೆಯದು. ಈ ಊರು ಬೆಳೆಯದಂತೆ ತಡೆದವರು ಯಾರು, ಆ ತಡೆಯ ಭಾರವನ್ನು ಯಾರು ಹೊತ್ತರು ಎಂಬುದು ಎರಡನೆಯದು.

ಕಲ್ಲಿನಿಂದಲೇ ಶುರುಮಾಡೋಣ.

ಯಾವುದಾದರೂ ಗೋಡೆಯ ಹತ್ತಿರ ಹೋಗಿ, ಒಂದು ಗೇಣು ದೂರದಿಂದ ನೋಡಿ. ಕಲ್ಲಿನ ಮೈ ತುಂಬ ಸಣ್ಣ ಸಣ್ಣ ದುಂಡು ಕಾಳುಗಳು ಒತ್ತಿಕೊಂಡಿರುವುದು ಕಾಣುತ್ತದೆ. ಇಂಗ್ಲಿಷರು ಇದನ್ನು ಮೀನಿನ ಮೊಟ್ಟೆಗೆ ಹೋಲಿಸುತ್ತಾರೆ. ನನ್ನ ಕಣ್ಣಿಗೆ ಅದು ರಾಗಿ. ರಾಗಿಯನ್ನು ಸುಣ್ಣದ ನೀರಿನಲ್ಲಿ ಕಲಸಿ ಗಟ್ಟಿಯಾಗಲು ಬಿಟ್ಟರೆ ಹೇಗಿರುತ್ತದೋ ಹಾಗೆ. ಸುಮಾರು 17 ಕೋಟಿ ವರ್ಷಗಳ ಹಿಂದೆ ಈ ನೆಲ ಬೆಚ್ಚಗಿನ, ಆಳವಿಲ್ಲದ ಕಡಲಾಗಿತ್ತು. ತಳದಲ್ಲಿ ಒಂದು ಚಿಪ್ಪಿನ ಚೂರೋ ಮರಳಿನ ಕಣವೋ ಅಲೆಯ ಜೊತೆ ಅತ್ತಿತ್ತ ಹೊರಳುತ್ತದೆ. ಹೊರಳಿದಷ್ಟೂ ಅದರ ಸುತ್ತ ನೀರಿನಲ್ಲಿದ್ದ ಸುಣ್ಣ ಪದರ ಪದರವಾಗಿ ಕಟ್ಟಿಕೊಳ್ಳುತ್ತದೆ. ಅಂಥ ಕೋಟ್ಯಂತರ ಕಾಳುಗಳು ಒಂದರ ಮೇಲೊಂದು ಕುಳಿತು, ಅಂಟಿಕೊಂಡು ಈ ಸುಣ್ಣದಕಲ್ಲು ಆಗಿದೆ. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಡಾರ್ಸೆಟ್‌ನಿಂದ ಈಶಾನ್ಯದ ಯಾರ್ಕ್‌ಶೈರ್‌ವರೆಗೆ ಈ ಜುರಾಸಿಕ್ ಕಾಲದ ಕಲ್ಲಿನ ಪಟ್ಟಿ ಓರೆಯಾಗಿ ಹಾದುಹೋಗುತ್ತದೆ. ಸ್ಟ್ಯಾಮ್‌ಫರ್ಡ್ ಆ ಪಟ್ಟಿಯ ಮೇಲೆಯೇ ಕುಳಿತಿದೆ.

ಊರಿನ ಸುತ್ತ ಕೆಲವೇ ಮೈಲಿಗಳೊಳಗೆ ಒಂದೊಂದು ಹಳ್ಳಿಯದು ಒಂದೊಂದು ಕಲ್ಲು. ಆಗ್ನೇಯಕ್ಕೆ ಬಾರ್ನಕ್. ಅಲ್ಲಿಯ ಕಲ್ಲು ಒರಟು, ಚಿಪ್ಪುಗಳಿಂದ ತುಂಬಿದ್ದು, ಗಾಳಿ ಮಳೆಗೆ ಜಗ್ಗುವುದಿಲ್ಲ. ಪೀಟರ್‌ಬರೋ ಮತ್ತು ಈಲಿಯ ಮಹಾ ಚರ್ಚುಗಳು ಎದ್ದದ್ದು ಆ ಕಲ್ಲಿನಿಂದ. ಗಣಿಯ ಹಕ್ಕು ಇದ್ದದ್ದು ಪೀಟರ್‌ಬರೋ ಮಠಕ್ಕೆ. ಜೌಗು ಪ್ರದೇಶದಲ್ಲಿದ್ದ ರ್‍ಯಾಮ್ಸಿ ಮಠದವರು ತಮ್ಮ ಕಟ್ಟಡಕ್ಕೆ ಬಾರ್ನಕ್ ಕಲ್ಲು ತೆಗೆಯಲು ಪ್ರತಿ ವರ್ಷ ಲೆಂಟ್ ಉಪವಾಸದ ದಿನಗಳಲ್ಲಿ ನಾಲ್ಕು ಸಾವಿರ ಹಾವುಮೀನುಗಳನ್ನು ಕೊಡಬೇಕು ಎಂದು ಒಪ್ಪಂದವಾಗಿತ್ತು. ಕಲ್ಲು ದೋಣಿಯಲ್ಲಿ ಒಂದು ದಿಕ್ಕಿಗೆ, ಮೀನು ಇನ್ನೊಂದು ದಿಕ್ಕಿಗೆ. ಕ್ರಿ.ಶ. 1500ರ ಹೊತ್ತಿಗೆ ಒಳ್ಳೆಯ ಬಾರ್ನಕ್ ಕಲ್ಲು ಮುಗಿದೇಹೋಯಿತು. ಅಗೆದು ಬಿಟ್ಟ ಗುಂಡಿಗಳೂ ಕಲ್ಲುಪುಡಿಯ ದಿಬ್ಬಗಳೂ ಹುಲ್ಲು ಹೊದ್ದು ಹಾಗೆಯೇ ಉಳಿದಿವೆ. ಈಗ ಅದು ರಕ್ಷಿತ ನಿಸರ್ಗಧಾಮ, ಹೆಸರೂ 'ದಿಬ್ಬ ಮತ್ತು ಗುಂಡಿ' ಎಂಬ ಅರ್ಥದ್ದೇ. ಏಪ್ರಿಲ್‌ನಲ್ಲಿ ಹೋದರೆ ಆ ದಿಬ್ಬಗಳ ಮೇಲೆ ಪಾಸ್ಕ್ ಎಂಬ ಅಪರೂಪದ ನೇರಳೆ ಹೂವು ಅರಳಿರುತ್ತದೆ. ಅಲ್ಲಿ ನಿಂತಾಗ ನನಗೆ ಅನ್ನಿಸಿದ್ದು ಇಷ್ಟು: ಈಲಿಯ ಆಕಾಶದಲ್ಲಿ ಎದ್ದಿರುವ ಗೋಪುರದ ಅಚ್ಚು ಈ ನೆಲದಲ್ಲಿ ಗುಂಡಿಯಾಗಿ ಉಳಿದಿದೆ.

ಪಶ್ಚಿಮಕ್ಕೆ ಕೆಟ್ಟನ್. ಅಲ್ಲಿಯದು ನಯವಾದ ಕಲ್ಲು, ಕಾಳುಗಳೆಲ್ಲ ಒಂದೇ ಗಾತ್ರ, ಕೆಲವು ಕಡೆ ನಸುಗೆಂಪು ಛಾಯೆ. ಅದನ್ನು ಯಾವ ದಿಕ್ಕಿನಲ್ಲಿ ಬೇಕಾದರೂ ಕೊಯ್ಯಬಹುದು, ಉಳಿ ಹೇಳಿದಂತೆ ಕೇಳುತ್ತದೆ. ಕೇಂಬ್ರಿಡ್ಜಿನ ಕಾಲೇಜುಗಳು ಇದನ್ನು ಬಹಳ ಇಷ್ಟಪಟ್ಟು ತರಿಸಿಕೊಂಡವು. ಸ್ಟ್ಯಾಮ್‌ಫರ್ಡ್‌ನ ಸಿರಿವಂತ ಮನೆಗಳ ಸೈಜುಗಲ್ಲಿನ ಮುಂಭಾಗ ನೋಡಿದರೆ ಎರಡು ಕಲ್ಲಿನ ನಡುವೆ ಚಾಕುವಿನ ಅಲಗೂ ತೂರುವುದು ಕಷ್ಟ, ಅಷ್ಟು ಬಿಗಿ ಸಂದು. ಅದೇ ಮನೆಯ ಪಕ್ಕದ ಓಣಿಗೆ ತಿರುಗಿದರೆ ಗೋಡೆ ಕಾಡುಗಲ್ಲಿನದು, ಮೂಲೆಗಲ್ಲು ಮಾತ್ರ ಕೆತ್ತಿದ್ದು. ದುಡ್ಡು ಎಲ್ಲಿಯವರೆಗೆ ಹೋಯಿತು, ಎಲ್ಲಿ ನಿಂತಿತು ಎನ್ನುವುದನ್ನು ಗೋಡೆಯೇ ತೋರಿಸುತ್ತದೆ.

ಇನ್ನು ಚಾವಣಿ. ಈ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲಲು ನಿಮ್ಮ ಅನುಮತಿ ಬೇಡುತ್ತೇನೆ, ಏಕೆಂದರೆ ನನ್ನನ್ನು ಈ ಊರಿಗೆ ಮತ್ತೆ ಮತ್ತೆ ಎಳೆದದ್ದು ಅದೇ.

ನೈಋತ್ಯಕ್ಕೆ ಸುಮಾರು ಐದು ಕಿಲೋಮೀಟರ್ ದೂರದಲ್ಲಿ ಕಾಲಿವೆಸ್ಟನ್ ಎಂಬ ಹಳ್ಳಿ. ಅಲ್ಲಿಯ ಚಾವಣಿಯ ಕಲ್ಲಿಗೆ 'ಸ್ಲೇಟು' ಎಂದೇ ಹೆಸರು. ಆದರೆ ಅದು ನಾವು ಬಾಲ್ಯದಲ್ಲಿ ಬಳಪ ಹಿಡಿದು ಬರೆದ ಕಪ್ಪು ಸ್ಲೇಟಿನ ಜಾತಿಯದಲ್ಲ. ಅದೂ ಸುಣ್ಣದಕಲ್ಲೇ. ಶಹಾಬಾದ್ ಕಲ್ಲನ್ನು ಮನೆಯ ನೆಲಕ್ಕೆ ಹಾಸಿದವರು ಇಲ್ಲಿ ಅನೇಕರಿದ್ದೀರಿ. ಸುಣ್ಣದಕಲ್ಲು ಚಪ್ಪಡಿಯಾಗಿ ಸೀಳುವುದು ನಿಮಗೆ ಹೊಸದಲ್ಲ. ಶಹಾಬಾದ್ ಕಲ್ಲು ಪದರ ಪದರವಾಗಿ ಏಳುತ್ತದೆ. ಕಾಲಿವೆಸ್ಟನ್ ಕಲ್ಲು ಮಾತ್ರ ಮನುಷ್ಯನ ಬಲಕ್ಕೆ ಬಗ್ಗುವುದಿಲ್ಲ. ಅದನ್ನು ಸೀಳುವುದು ಚಳಿ.

ಕೆಲಸ ನಡೆಯುತ್ತಿದ್ದ ಬಗೆ ಹೀಗೆ. ಕಲ್ಲಿನ ಪದರ ಇರುವುದು ನೆಲದ ಒಳಗೆ, ಅದರ ಕೆಳಗೆ ಮರಳು. ಕೆಲಸಗಾರರು ಸುರಂಗದೊಳಗೆ ಮಗ್ಗುಲಾಗಿ ಮಲಗಿ, ಉದ್ದ ಹಿಡಿಯ ಸಣ್ಣ ಗುದ್ದಲಿಯಿಂದ ಆ ಮರಳನ್ನು ಕೆದರಿ ತೆಗೆಯುತ್ತಿದ್ದರು. ಮೇಲಿನ ಕಲ್ಲಿಗೆ ಅಲ್ಲಲ್ಲಿ ಕಲ್ಲಿನ ಆಸರೆ ಕೊಡುತ್ತಾ ಮುಂದುವರಿಯುತ್ತಿದ್ದರು. ಸಾಕಷ್ಟು ಜಾಗ ಟೊಳ್ಳಾದ ಮೇಲೆ ಆಸರೆಗಳನ್ನು ಒಂದೊಂದಾಗಿ ತೆಗೆದು ಹಿಂದೆ ಸರಿಯುವುದು. ಕಲ್ಲು ತನ್ನ ಭಾರಕ್ಕೆ ತಾನೇ ಕಳಚಿ ಬೀಳುತ್ತಿತ್ತು. ಮೊಂಬತ್ತಿಯ ಬೆಳಕು, ತಲೆಯ ಮೇಲೆ ಟನ್ನುಗಟ್ಟಲೆ ಬಂಡೆ. ಅದು ಕಿರುಗುಟ್ಟುವ ಸದ್ದಿಗೆ ಕಿವಿಗೊಟ್ಟೇ ಕೆಲಸ ಮಾಡಬೇಕಿತ್ತು.

ಹೀಗೆ ಬಿದ್ದ ಬಂಡೆಗಳನ್ನು ಚಳಿಗಾಲದಲ್ಲಿ ಮೇಲಕ್ಕೆ ತಂದು ಬಯಲಿನಲ್ಲಿ ಹರಡುತ್ತಿದ್ದರು. ಅವು ಒಣಗಬಾರದು, ಅದೇ ಮುಖ್ಯ. ಒಣಗಿದ ಬಂಡೆ ಸತ್ತಂತೆಯೇ, ಮತ್ತೆ ಸೀಳುವುದಿಲ್ಲ. ಹಾಗಾಗಿ ಮನೆಯ ಹೆಂಗಸರು ಮಕ್ಕಳೂ ಸೇರಿದಂತೆ ನೀರು ಸುರಿದು ಸುರಿದು ಬಂಡೆಯನ್ನು ಹಸಿಯಾಗಿಡುವುದು. ರಾತ್ರಿ ಹಿಮ ಕಟ್ಟಿದಾಗ ಕಲ್ಲಿನ ಪದರಗಳ ನಡುವೆ ಇಳಿದ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ. ಹಗಲು ಕರಗುತ್ತದೆ, ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ಹೀಗೆ ಎಷ್ಟೋ ರಾತ್ರಿಗಳಾದ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಬಂಡೆ ಪುಸ್ತಕದ ಹಾಳೆಗಳಂತೆ ಬಿಚ್ಚಿಕೊಳ್ಳುತ್ತದೆ. ಆ ವರ್ಷ ಚಳಿ ಬೀಳದಿದ್ದರೆ ಸ್ಲೇಟೂ ಇಲ್ಲ, ಕೂಲಿಯೂ ಇಲ್ಲ. ಮಳೆಯನ್ನು ಕಾಯುವ ರೈತನನ್ನು ನಾವು ಬಲ್ಲೆವು. ಹಿಮವನ್ನು ಕಾಯುವ ಕಲ್ಲುಕೆಲಸದವನನ್ನು ನಾನು ಕಂಡುಕೊಂಡದ್ದು ಇಲ್ಲಿಯೇ.

ಬಿಚ್ಚಿದ ಹಾಳೆಗಳ ಅಂಚನ್ನು ಸರಿಮಾಡಿ, ತಲೆಯಲ್ಲಿ ಒಂದು ತೂತು ಕೊರೆದು, ಅದರಲ್ಲಿ ಮರದ ಗೂಟ ಸಿಕ್ಕಿಸಿ ಚಾವಣಿಯ ರೀಪುಗಳಿಗೆ ನೇತುಹಾಕುತ್ತಾರೆ. ಹಂಚಿನಂತೆ ಎಲ್ಲವೂ ಒಂದೇ ಅಳತೆಯದಲ್ಲ. ದೊಡ್ಡವು ಎರಡು ಅಡಿಯಷ್ಟಿರುತ್ತವೆ, ಚಿಕ್ಕವು ಅಂಗೈಯಗಲ. ಸೂರಿನ ಬಳಿ ಅತಿ ದೊಡ್ಡವು, ಮೇಲೇರಿದಂತೆ ಸಾಲು ಸಾಲಿಗೂ ಚಿಕ್ಕದಾಗುತ್ತಾ ನೆತ್ತಿಯ ಹತ್ತಿರ ಅತಿ ಚಿಕ್ಕವು. ಭಾರವೆಲ್ಲ ಗೋಡೆಯ ಮೇಲೆ ಬೀಳಲಿ, ಒಂದು ತುಂಡೂ ವ್ಯರ್ಥವಾಗದಿರಲಿ ಎಂಬ ಲೆಕ್ಕ ಅದು. ಆ ಲೆಕ್ಕದಿಂದ ಹುಟ್ಟಿದ ಚೆಲುವನ್ನು ಬಾರ್ನ್ ಹಿಲ್ ಬೀದಿಯಲ್ಲಿ ಮಳೆ ನಿಂತ ಮೇಲೆ ನೋಡಬೇಕು. ಮೀನಿನ ಬೆನ್ನಿನ ಹಾಗೆ ಚಾವಣಿ ಹೊಳೆಯುತ್ತಿರುತ್ತದೆ.

ಈಗ ಮನೆಯೊಳಗೆ ಹೋಗೋಣ. ಇಲ್ಲಿ ನಿಮಗೆ ಒಂದು ಆಶ್ಚರ್ಯ ಕಾದಿದೆ.

ಸೇಂಟ್ ಮೇರೀಸ್ ಬೀದಿಯಲ್ಲೋ ಹೈ ಸ್ಟ್ರೀಟಿನಲ್ಲೋ 18ನೇ ಶತಮಾನದ್ದೆಂದು ಕಾಣುವ ಕಲ್ಲಿನ ಮನೆ. ಸಾಲಾಗಿ ಎತ್ತರದ ಕಿಟಕಿಗಳು, ಎಲ್ಲವೂ ಅಳತೆ ಹಿಡಿದಂತೆ. ಬಾಗಿಲು ತೆರೆದು ಒಳಹೊಕ್ಕು ಮೇಲೆ ನೋಡಿದರೆ ಮಧ್ಯಯುಗದ ಓಕ್ ತೊಲೆಗಳು, ನೆಲ ಏರುಪೇರು, ಗೋಡೆಗಳ ನಡುವೆ ಮರದ ಚೌಕಟ್ಟು. ಹಳೆಯ ಮರದ ಮನೆಗೆ ಮುಂದೆ ಕಲ್ಲಿನ ಮುಖವನ್ನು ಕಟ್ಟಿದ್ದಾರೆ! ಬೀದಿಗೆ ಚಾಚಿಕೊಂಡಿದ್ದ ಮರದ ಉಪ್ಪರಿಗೆಯನ್ನು ಕತ್ತರಿಸಿ, ಗೋಡೆಯನ್ನು ನೆಟ್ಟಗೆ ಎಬ್ಬಿಸಿದ ಉದಾಹರಣೆಗಳು ಈ ಊರಿನಲ್ಲಿ ಬೇಕಾದಷ್ಟಿವೆ. ಕೆಲವು ಮನೆಗಳ ಕೆಳಗೆ 13ನೇ ಶತಮಾನದ ಕಲ್ಲಿನ ಕಮಾನಿನ ನೆಲಮಾಳಿಗೆಗಳಿವೆ. ಒಂದೇ ಮನೆಯಲ್ಲಿ ಕೆಳಗೆ 13ನೇ ಶತಮಾನ, ಒಳಗೆ 15ನೆಯದು, ಮುಂದೆ 18ನೆಯದು.

ಇದು ಹೇಗಾಯಿತು ಎಂದರೆ ಈ ಊರಿಗೆ ದುಡ್ಡು ಎರಡು ಸಲ ಬಂತು. ಮೊದಲ ಸಲ ಬಂದದ್ದು ಉಣ್ಣೆಯಿಂದ. ಸ್ಟ್ಯಾಮ್‌ಫರ್ಡ್ ಬಟ್ಟೆ 13ನೇ ಶತಮಾನದಲ್ಲಿ ಯುರೋಪಿನ ಮಾರುಕಟ್ಟೆಗಳಲ್ಲಿ ಹೆಸರುಮಾಡಿತ್ತು. ಆ ಸಿರಿಯ ಕೊನೆಯ ದೊಡ್ಡ ಕುಳ ವಿಲಿಯಂ ಬ್ರೌನ್ ಎಂಬ ಉಣ್ಣೆ ವ್ಯಾಪಾರಿ. ಅವನು 1470ರ ದಶಕದಲ್ಲಿ ಬ್ರಾಡ್ ಸ್ಟ್ರೀಟಿನಲ್ಲಿ ಬಡ ವೃದ್ಧರಿಗಾಗಿ ಕಟ್ಟಿಸಿದ ಧರ್ಮಶಾಲೆ ಇಂದಿಗೂ ಇದೆ, ಅದರ ಆವರಣದಲ್ಲಿ ಇಂದಿಗೂ ವೃದ್ಧರು ವಾಸವಾಗಿದ್ದಾರೆ. ಈ ಊರಿನಲ್ಲಿ ಧರ್ಮಶಾಲೆಗೆ 'ಕ್ಯಾಲಿಸ್' ಎನ್ನುತ್ತಾರೆ. ಫ್ರಾನ್ಸಿನ ಕ್ಯಾಲೆ ಬಂದರಿನಿಂದ ಬಂದ ಮಾತು ಅದು. ಇಂಗ್ಲೆಂಡಿನ ಉಣ್ಣೆಯೆಲ್ಲ ಆಗ ಕ್ಯಾಲೆಯ ಮೂಲಕವೇ ಮಾರಾಟವಾಗಬೇಕಿತ್ತು, ಬ್ರೌನ್ ಆ ವರ್ತಕರ ಸಂಘದಲ್ಲಿ ದೊಡ್ಡವನು. ಕಡಲಾಚೆಯ ಬಂದರಿನ ಹೆಸರು ಮುದುಕರ ಆಸರೆಯ ಹೆಸರಾಗಿ ಉಳಿದುಬಿಟ್ಟಿತು.

ಒಂದು ಸಣ್ಣ ಕಥೆ ಹೇಳಿ ಮುಂದೆ ಹೋಗುತ್ತೇನೆ. 1333ರಲ್ಲಿ ಆಕ್ಸ್‌ಫರ್ಡ್‌ನ ಒಂದಷ್ಟು ಅಧ್ಯಾಪಕರು ವಿದ್ಯಾರ್ಥಿಗಳು ಅಲ್ಲಿ ಜಗಳವಾಡಿಕೊಂಡು ಇಲ್ಲಿಗೆ ಬಂದು ತಮ್ಮದೇ ವಿದ್ಯಾಪೀಠ ಹೂಡಿದರು. ಆಕ್ಸ್‌ಫರ್ಡ್ ದೊರೆಗೆ ದೂರು ಕೊಟ್ಟಿತು. ಮೂರನೇ ಎಡ್ವರ್ಡ್ 1335ರ ಹೊತ್ತಿಗೆ ಅವರನ್ನು ಚದುರಿಸಿದ. ಬಂದವರು ತಮ್ಮ ಜೊತೆ ಒಂದು ಹಿತ್ತಾಳೆಯ ಬಾಗಿಲ ಬಳೆಯನ್ನು ತಂದಿದ್ದರೆಂದು ಪ್ರತೀತಿ. ಪ್ರಾಣಿಯ ಮುಖ, ಬಾಯಲ್ಲಿ ಬಳೆ. ಅದು ಸೇಂಟ್ ಪಾಲ್ಸ್ ಬೀದಿಯ ಒಂದು ಮನೆಯ ಬಾಗಿಲಲ್ಲಿ ಶತಮಾನಗಳ ಕಾಲ ಇತ್ತು. ಆಕ್ಸ್‌ಫರ್ಡ್‌ನ ಬ್ರೇಸ್‌ನೋಸ್ ಕಾಲೇಜು 1890ರಲ್ಲಿ ಆ ಬಳೆಗಾಗಿಯೇ ಇಡೀ ಮನೆಯನ್ನು ಕೊಂಡು, ಬಳೆಯನ್ನು ಬಿಚ್ಚಿಕೊಂಡು ಹೋಗಿ ತನ್ನ ಊಟದ ಸಭಾಂಗಣದಲ್ಲಿ ತೂಗುಹಾಕಿತು. 'ಸ್ಟ್ಯಾಮ್‌ಫರ್ಡ್‌ನಲ್ಲಿ ಪಾಠ ಹೇಳುವುದಿಲ್ಲ' ಎಂದು ಆಕ್ಸ್‌ಫರ್ಡ್‌ನ ಪದವೀಧರರು 1827ರವರೆಗೂ ಪ್ರಮಾಣ ಮಾಡಬೇಕಿತ್ತು. ಮೂಲ ಕಮಾನು ಬಾಗಿಲು ಮಾತ್ರ ಈಗಲೂ ಅಲ್ಲೇ ನಿಂತಿದೆ.

ಉಣ್ಣೆಯ ಸಿರಿ ಕರಗಿತು. 1461ರಲ್ಲಿ, ಇಂಗ್ಲೆಂಡಿನ ಸಿಂಹಾಸನಕ್ಕಾಗಿ ಲ್ಯಾಂಕಾಸ್ಟರ್ ಮತ್ತು ಯಾರ್ಕ್ ಮನೆತನಗಳು ಕಾದಾಡಿದ ಗುಲಾಬಿ ಯುದ್ಧಗಳ ಕಾಲದಲ್ಲಿ, ಲ್ಯಾಂಕಾಸ್ಟರ್ ಪಕ್ಷದ ಸೇನೆ ಊರನ್ನು ಕೊಳ್ಳೆಹೊಡೆಯಿತು. ಆಮೇಲಿನ ಇನ್ನೂರು ವರ್ಷ ಸ್ಟ್ಯಾಮ್‌ಫರ್ಡ್ ಕುಗ್ಗಿದ ಊರು. ಮಧ್ಯಯುಗದಲ್ಲಿ ಹದಿನಾಲ್ಕರಷ್ಟಿದ್ದ ಚರ್ಚುಗಳಲ್ಲಿ ಇಂದು ನಾವು ನೋಡುವ ಹಳೆಯ ಚರ್ಚುಗಳು ಐದು.

ಎರಡನೇ ಸಲ ದುಡ್ಡು ಬಂದದ್ದು ದಾರಿಯಿಂದ. ಲಂಡನ್‌ನಿಂದ ಯಾರ್ಕ್ ಮಾರ್ಗವಾಗಿ ಎಡಿನ್‌ಬರೋಗೆ ಹೋಗುವ ಮಹಾ ಉತ್ತರ ರಸ್ತೆ ಈ ಊರಿನ ನಡುಬೀದಿಯಲ್ಲೇ ಹಾಯುತ್ತಿತ್ತು. 17ನೇ ಶತಮಾನದ ಕೊನೆಯಿಂದ ಕುದುರೆ ಬಂಡಿಗಳ ಓಡಾಟ ಏರಿತು. ಜಾರ್ಜ್ ಹೋಟೆಲಿಗೆ ಹೋದರೆ ಮುಂಬಾಗಿಲ ಅಕ್ಕಪಕ್ಕದ ಎರಡು ಕೋಣೆಗಳ ಬಾಗಿಲ ಮೇಲೆ 'ಲಂಡನ್' ಎಂದು ಒಂದರಲ್ಲಿ, 'ಯಾರ್ಕ್' ಎಂದು ಇನ್ನೊಂದರಲ್ಲಿ ಬರೆದಿದೆ. ದಕ್ಷಿಣಕ್ಕೆ ಹೋಗುವ ಬಂಡಿಯವರು ಅಲ್ಲಿ, ಉತ್ತರಕ್ಕೆ ಹೋಗುವವರು ಇಲ್ಲಿ ಕಾಯಬೇಕಿತ್ತು. ಹೋಟೆಲಿನ ಹೆಸರಿನ ತೊಲೆ ರಸ್ತೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಅಡ್ಡಲಾಗಿ ಹಾದಿದೆ, ನೇಣುಗಂಬದ ಆಕಾರದಲ್ಲಿ. ಈ ಕಾಲದಲ್ಲಿಯೇ ವಕೀಲರು, ವೈದ್ಯರು, ಬಟ್ಟೆ ವ್ಯಾಪಾರಿಗಳು, ಸಾರಾಯಿ ಭಟ್ಟಿಯವರು ತಮ್ಮ ಹಳೆಯ ಮರದ ಮನೆಗಳಿಗೆ ಹೊಸ ಮುಖ ಕಟ್ಟಿಸಿಕೊಂಡದ್ದು. ಪೂರ್ತಿ ಕೆಡವಿ ಕಟ್ಟುವಷ್ಟು ದುಡ್ಡು ಕೆಲವರಲ್ಲಿ ಮಾತ್ರ ಇತ್ತು. 1727ರಲ್ಲಿ ಸೇಂಟ್ ಜಾರ್ಜ್ ಚೌಕದಲ್ಲಿ ನೃತ್ಯಕೂಟಕ್ಕೆಂದು ಸಭಾಭವನ ಬಂತು, 1768ರಲ್ಲಿ ಸೇಂಟ್ ಮೇರೀಸ್ ಬೀದಿಯಲ್ಲಿ ನಾಟಕಶಾಲೆ, 1779ರಲ್ಲಿ ಪುರಭವನ. ಎಲ್ಲದಕ್ಕೂ ಅದೇ ಕಲ್ಲು. ಕಲ್ಲು ಹತ್ತಿರದಲ್ಲೇ ಇದ್ದಾಗ ದೂರದಿಂದ ಇಟ್ಟಿಗೆ ತರಿಸುವ ಮನೆ ಯಾರದು? ಊರಿನ ಒಂದೇ ಬಣ್ಣಕ್ಕೆ ಯಾರದೋ ಕಲಾದೃಷ್ಟಿ ಕಾರಣ ಎಂದುಕೊಳ್ಳಬೇಡಿ. ಗಾಡಿ ಬಾಡಿಗೆಯೇ ಕಾರಣ.

ಈಗ ನನ್ನ ಎರಡನೇ ಪ್ರಶ್ನೆಗೆ ಬರುತ್ತೇನೆ.

ಊರಿನ ಹೊರಗೆ, ಒಂದು ಮೈಲಿಯಾಚೆ, ಬರ್ಲಿ ಅರಮನೆ ಇದೆ. ಮೊದಲನೇ ಎಲಿಝಬೆತ್ ರಾಣಿಯ ಪ್ರಧಾನ ಮಂತ್ರಾಲೋಚಕ ವಿಲಿಯಂ ಸೆಸಿಲ್ 1555ರಿಂದ 1587ರವರೆಗೆ ಕಟ್ಟಿಸಿದ್ದು. ಅವನ ಹಿರಿಯ ಮಗನ ವಂಶದವರಿಗೆ ಎಕ್ಸಿಟರ್‌ನ ಅರ್ಲ್ ಎಂಬ ಬಿರುದು, 1801ರಿಂದ ಅದಕ್ಕಿಂತ ಮೇಲಿನ ಮಾರ್ಕ್ವಿಸ್ ಬಿರುದು. ಊರಿನ ಅನೇಕ ಮನೆಗಳು ಅವರ ಒಡೆತನದಲ್ಲಿದ್ದವು. ಸ್ಟ್ಯಾಮ್‌ಫರ್ಡ್‌ಗೆ ಸಂಸತ್ತಿನಲ್ಲಿ ಎರಡು ಸ್ಥಾನ. ಇಲ್ಲಿ ಮತದಾನದ ಹಕ್ಕು ಸ್ಥಳೀಯ ತೆರಿಗೆ ಕಟ್ಟುವ ಗೃಹಸ್ಥರಿಗೆ. ಮತ ಗುಪ್ತವಲ್ಲ, ಎಲ್ಲರೆದುರು ಅಭ್ಯರ್ಥಿಯ ಹೆಸರು ಹೇಳಬೇಕು. ಮನೆ ಧಣಿಯದು, ಮತ ಬಾಡಿಗೆದಾರನದು. ಆ ಮತ ಯಾರಿಗೆ ಬೀಳುತ್ತಿತ್ತು ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ಊರಿನ ಉತ್ತರಕ್ಕೆ ವಿಶಾಲವಾದ ಬಯಲು ಹೊಲಗಳಿದ್ದವು. ಅನೇಕರ ಹಕ್ಕುಗಳು ಹೆಣೆದುಕೊಂಡಿದ್ದ, ಬೇಲಿಯಿಲ್ಲದ ಹಳೆಯ ಪದ್ಧತಿಯ ಹೊಲಗಳು. ಇಂಗ್ಲೆಂಡಿನ ಇತರ ಊರುಗಳಲ್ಲಿ 18ನೇ ಶತಮಾನದಲ್ಲೇ ಇಂಥ ಬಯಲುಗಳನ್ನು ಕಾಯಿದೆಯ ಮೂಲಕ ಹಂಚಿ, ಬೇಲಿ ಹಾಕಿ, ಮಾರಿ, ಅಲ್ಲಿ ಹೊಸ ಬಡಾವಣೆಗಳು ಎದ್ದವು. ಸ್ಟ್ಯಾಮ್‌ಫರ್ಡ್‌ನಲ್ಲಿ ಅದಕ್ಕೆ ಕಾಯಿದೆ ಬಂದದ್ದು 1871ರಲ್ಲಿ. ಹಂಚಿಕೆಯಾಗದ ಹೊಲದ ಮೇಲೆ ಮನೆ ಕಟ್ಟುವಂತಿಲ್ಲ. ಹೊಸ ಮನೆ ಎಂದರೆ ಹೊಸ ಮತದಾರ, ಅದೂ ಧಣಿಯ ಹಂಗಿಲ್ಲದ ಮತದಾರ. ಸೆಸಿಲ್‌ಗಳು ಹಂಚಿಕೆಯನ್ನು ಅಷ್ಟು ಕಾಲ ತಡೆದದ್ದು ಇದಕ್ಕಾಗಿಯೇ ಎಂದು ಇತಿಹಾಸಕಾರರು ಹೇಳುತ್ತಾರೆ. ಗುಪ್ತ ಮತದಾನ ಬಂದದ್ದು 1872ರಲ್ಲಿ. ಈ ಎರಡು ಇಸವಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ.

ಅಷ್ಟು ಕಾಲ ಊರಿನ ಜನಸಂಖ್ಯೆಯೇನೂ ನಿಂತಿರಲಿಲ್ಲ. ಜನ ಎಲ್ಲಿ ಹೋಗಬೇಕು? ಹಿತ್ತಿಲಿಗೆ ಹೋದರು. ಹೈ ಸ್ಟ್ರೀಟಿನ ಅಂಗಡಿಗಳ ನಡುವೆ ಅಲ್ಲಲ್ಲಿ ಒಬ್ಬರೇ ಹಾಯುವಷ್ಟು ಅಗಲದ ಕಮಾನು ದಾರಿಗಳಿವೆ. ಒಳಗೆ ಹೊಕ್ಕರೆ ಈಗ ಹೂಕುಂಡ, ಕಾಫಿ ಅಂಗಡಿ, ಅಂದದ ಸಣ್ಣ ಅಂಗಳ. 19ನೇ ಶತಮಾನದಲ್ಲಿ ಇದೇ ಅಂಗಳಗಳಲ್ಲಿ ಬೆನ್ನಿಗೆ ಬೆನ್ನು ಹಚ್ಚಿದ ಒಂದೆರಡು ಕೋಣೆಯ ಮನೆಗಳನ್ನು ತುರುಕಿದ್ದರು. ಗಾಳಿ ಬೆಳಕು ಕಡಿಮೆ. ನೀರಿಗೂ ಕಕ್ಕಸಿಗೂ ಹಲವು ಮನೆಗಳವರು ಒಂದೇ ಕಡೆ ಬರಬೇಕು. ಬೀದಿಯ ಕಡೆ ಕೆಟ್ಟನ್ ಕಲ್ಲಿನ ನುಣುಪು ಮುಖ, ಹಿಂದೆ ಈ ಇಕ್ಕಟ್ಟು. ನಾವು ಮೆಚ್ಚಿ ಚಿತ್ರ ತೆಗೆಯುವ ಬೀದಿ ಹಾಗೆಯೇ ಉಳಿದದ್ದಕ್ಕೆ ಹಿತ್ತಿಲಿನಲ್ಲಿದ್ದವರು ಬಾಡಿಗೆ ತೆತ್ತಿದ್ದಾರೆ. ಇದನ್ನು ಬಿಟ್ಟು ಈ ಊರಿನ ಚೆಲುವಿನ ಬಗ್ಗೆ ಮಾತನಾಡುವುದು ನನ್ನಿಂದ ಆಗದು.

ಎದುರು ನಿಂತವರೂ ಇದ್ದರು. 1831ರಲ್ಲಿ ಚಾರ್ಲ್ಸ್ ಟೆನಿಸನ್ ಎಂಬ ಸುಧಾರಣಾವಾದಿ ಬರ್ಲಿಯ ಹಿಡಿತದಿಂದ ಒಂದು ಸ್ಥಾನವನ್ನು ಗೆದ್ದುಕೊಂಡ. ಆ ಜಗಳ ಎಷ್ಟು ಕಾವೇರಿತೆಂದರೆ ಅವನೂ ಸೆಸಿಲ್ ಮನೆತನದ ಥಾಮಸ್ ಸೆಸಿಲ್‌ನೂ ಅದೇ ಜೂನ್‌ನಲ್ಲಿ ಲಂಡನ್ನಿನ ಹೊರವಲಯದ ಬಯಲಿನಲ್ಲಿ ಪಿಸ್ತೂಲು ಹಿಡಿದು ದ್ವಂದ್ವಯುದ್ಧಕ್ಕೆ ನಿಂತರು. ಗುಂಡು ಯಾರಿಗೂ ತಗುಲಲಿಲ್ಲ. 1832ರ ಸುಧಾರಣಾ ಕಾಯಿದೆ ಬಂದಾಗ ಕ್ಷೇತ್ರದ ಎಲ್ಲೆಯನ್ನು ಹೊಳೆಯ ದಕ್ಷಿಣದ ಸೇಂಟ್ ಮಾರ್ಟಿನ್ಸ್‌ವರೆಗೆ ಹಿಗ್ಗಿಸಿದರು. ಅದು ಬಹುತೇಕ ಬರ್ಲಿಯವರದೇ ಜಾಗ. ಹಿಡಿತ ಮತ್ತೆ ಬಿಗಿಯಾಯಿತು.

ಇಲ್ಲಿ ನಮಗೆ ಸಂಬಂಧಿಸಿದ ಒಂದು ಮಾತಿದೆ. 1831 ಎಂದರೆ ಮೈಸೂರಿನ ಆಡಳಿತವನ್ನು ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ತೆಗೆದುಕೊಂಡ ವರ್ಷವೂ ಹೌದು. ಒಡೆಯರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ಆ ದತ್ತುವನ್ನು ಮಾನ್ಯ ಮಾಡಿ ರಾಜ್ಯವನ್ನು ಹಿಂದಿರುಗಿಸುವುದೋ, ಇಲ್ಲ ನುಂಗುವುದೋ ಎಂಬ ಚರ್ಚೆ ಲಂಡನ್ನಿನಲ್ಲಿ ನಡೆದಾಗ, 1866ರಿಂದ 1867ರ ಮಾರ್ಚ್‌ವರೆಗೆ ಭಾರತ ಮಂತ್ರಿಯಾಗಿದ್ದವನು ರಾಬರ್ಟ್ ಸೆಸಿಲ್. ಮುಂದೆ ಸಾಲ್ಸ್‌ಬರಿ ಪ್ರಭುವಾಗಿ ಮೂರು ಸಲ ಪ್ರಧಾನಿಯಾದವನು ಇವನೇ. 1853ರಿಂದ 1868ರವರೆಗೆ ಅವನು ಸ್ಟ್ಯಾಮ್‌ಫರ್ಡ್‌ನ ಸಂಸತ್ ಸದಸ್ಯ. ಅವನ ನಂತರ ಭಾರತ ಮಂತ್ರಿಯಾಗಿ, 1867ರಲ್ಲಿ ಮೈಸೂರು ದತ್ತುಪುತ್ರನಿಗೆ ಸಲ್ಲಬೇಕೆಂಬ ನಿರ್ಧಾರವನ್ನು ಕಳುಹಿಸಿದವನು ಸ್ಟ್ಯಾಫರ್ಡ್ ನಾರ್ತ್‌ಕೋಟ್. ಅವನೂ 1858ರಿಂದ 1866ರವರೆಗೆ ಸ್ಟ್ಯಾಮ್‌ಫರ್ಡ್‌ನ ಸದಸ್ಯನೇ. 1881ರಲ್ಲಿ ಮೈಸೂರು ಒಡೆಯರಿಗೆ ಮರಳಿತು. ಕಲ್ಲಿನ ಮನೆಗಳ ಕಥೆ ಹುಡುಕುತ್ತಾ ಹೋದ ನನಗೆ, ನಮ್ಮ ರಾಜ್ಯದ ಹಣೆಬರಹಕ್ಕೆ ಕೈಹಾಕಿದ ಇಬ್ಬರು ಈ ಪುಟ್ಟ ಊರಿನ ಪ್ರತಿನಿಧಿಗಳಾಗಿ ಸಂಸತ್ತಿಗೆ ಹೋಗಿದ್ದರು ಎಂದು ತಿಳಿದಾಗ ಮೈ ಜುಮ್ಮೆಂದಿತು.

ರೈಲಿನ ವಿಷಯ ಬೇಗ ಹೇಳಿಬಿಡುತ್ತೇನೆ. ಮಾರ್ಕ್ವಿಸ್ ರೈಲನ್ನು ಊರಿಗೆ ಬರಗೊಡಲಿಲ್ಲ ಎಂಬ ಕಥೆ ಅಲ್ಲಿ ಎಲ್ಲರ ಬಾಯಲ್ಲೂ ಇದೆ. ಅಷ್ಟು ಸರಳವಲ್ಲ. ಊರಿಗೆ ರೈಲು ಬಂದಿತ್ತು. 1848ರ ನಿಲ್ದಾಣ ಇದೇ ಕಲ್ಲಿನದು, ಇಂದಿಗೂ ಬಳಕೆಯಲ್ಲಿದೆ. 1856ರ ಇನ್ನೊಂದು ಕವಲು ಮಾರ್ಗಕ್ಕೆ ಮಾರ್ಕ್ವಿಸನೇ ಬೆಂಬಲ ಕೊಟ್ಟಿದ್ದ. ಆದರೆ ಲಂಡನ್ನಿನಿಂದ ಉತ್ತರಕ್ಕೆ ಹೋಗುವ ಮುಖ್ಯ ಮಾರ್ಗ ಪೀಟರ್‌ಬರೋ ಮೇಲೆ ಹೋಯಿತು. ಕುದುರೆ ಬಂಡಿಗಳು ನಿಂತವು, ಹೋಟೆಲುಗಳು ಬರಿದಾದವು. ಪೀಟರ್‌ಬರೋ ಕಾರ್ಖಾನೆಗಳ ನಗರವಾಗಿ ಬೆಳೆಯಿತು. ಸ್ಟ್ಯಾಮ್‌ಫರ್ಡ್‌ನಲ್ಲಿ ಮನೆ ಕೆಡವಿ ಹೊಸದು ಕಟ್ಟಲು ಯಾರಿಗೂ ಕಾರಣವೂ ಇರಲಿಲ್ಲ, ದುಡ್ಡೂ ಇರಲಿಲ್ಲ.

ಇಪ್ಪತ್ತನೇ ಶತಮಾನದಲ್ಲಿ ಮೋಟಾರು ಬಂದು ಹಳೆಯ ಮಹಾ ಉತ್ತರ ರಸ್ತೆಗೆ ಮತ್ತೆ ಜೀವ ಬಂತು. ಈ ಸಲ ಅದು ವಿಪತ್ತಿನ ರೂಪದಲ್ಲಿ. ಲಾರಿಗಳು ಸೇಂಟ್ ಮಾರ್ಟಿನ್ಸ್ ಇಳಿದು, ಸೇತುವೆ ದಾಟಿ, ಸೇಂಟ್ ಮೇರೀಸ್ ಬೀದಿಯ ಇಕ್ಕಟ್ಟಿನ ತಿರುವಿನಲ್ಲಿ ಮನೆಗಳ ಮೂಲೆಗೆ ಒರಸುತ್ತಾ ಹೋಗುತ್ತಿದ್ದವು. 1960ರಲ್ಲಿ ಊರ ಹೊರಗಿನ ರಸ್ತೆ ತೆರೆದ ಮೇಲೆ ಉಸಿರಾಡುವಂತಾಯಿತು. 1967ರಲ್ಲಿ ಬ್ರಿಟನ್ ಒಂದು ಹೊಸ ಕಾಯಿದೆ ತಂದಿತು. ಅಲ್ಲಿಯವರೆಗೆ ರಕ್ಷಣೆ ಒಂದೊಂದು ಕಟ್ಟಡಕ್ಕೆ. ಇನ್ನು ಮೇಲೆ ಬೀದಿ, ಚೌಕ, ಮರ, ನೆಲಹಾಸು ಎಲ್ಲ ಸೇರಿದ ಇಡೀ ಪ್ರದೇಶಕ್ಕೇ ರಕ್ಷಣೆ ಕೊಡಬಹುದು ಎಂದು ಅದರ ತಿರುಳು. ಆ ಕಾಯಿದೆಯಡಿ ಇಂಗ್ಲೆಂಡಿನಲ್ಲಿ ಘೋಷಣೆಯಾದ ಮೊದಲ ಸಂರಕ್ಷಣಾ ಪ್ರದೇಶ ಸ್ಟ್ಯಾಮ್‌ಫರ್ಡ್.

ಕಾಯಿದೆಯಿಂದ ಕೆಡವುವುದನ್ನು ತಡೆಯಬಹುದು. ತಿಳಿಯದೆ ಮಾಡುವ ರಿಪೇರಿಯನ್ನು ತಡೆಯುವುದು ಕಷ್ಟ. ನಿಮ್ಮಲ್ಲಿ ಹಳೆಯ ಮನೆ ಇರುವವರು ದಯವಿಟ್ಟು ಇದನ್ನು ಗಮನವಿಟ್ಟು ಕೇಳಿ. ಈ ಗೋಡೆಗಳ ಗಾರೆ ಸುಣ್ಣದ್ದು, ಮೆತ್ತಗಿನದು. ಗೋಡೆಯೊಳಗೆ ಸೇರಿದ ತೇವ ಕಲ್ಲಿಗಿಂತ ಸುಲಭವಾಗಿ ಗಾರೆಯ ಸಂದಿನ ಮೂಲಕ ಆವಿಯಾಗಿ ಹೋಗುತ್ತದೆ. ನೂರು ವರ್ಷಕ್ಕೆ ಒಮ್ಮೆ ಗಾರೆ ಸವೆಯುತ್ತದೆ, ಕೆದಕಿ ಹೊಸದು ತುಂಬುತ್ತಾರೆ, ಕಲ್ಲು ಕ್ಷೇಮ. ಅದರ ಬದಲು ಗಟ್ಟಿಯಿರಲೆಂದು ಸಿಮೆಂಟ್ ತುಂಬಿದರೆ ಸಂದು ಮುಚ್ಚಿಹೋಗುತ್ತದೆ. ತೇವಕ್ಕೆ ಕಲ್ಲಿನ ಮೈಯೊಂದೇ ದಾರಿ. ಚಳಿಯಲ್ಲಿ ಅಲ್ಲಿಯೇ ಹೆಪ್ಪುಗಟ್ಟಿ ಕಲ್ಲಿನ ಮುಖ ಹಕ್ಕಳೆ ಹಕ್ಕಳೆಯಾಗಿ ಉದುರುತ್ತದೆ. ಕೊನೆಗೆ ಸಿಮೆಂಟಿನ ಗೆರೆಗಳು ಜೇನುಗೂಡಿನ ಹಾಗೆ ಮುಂದೆ ಚಾಚಿ ನಿಂತು, ನಡುವಿನ ಕಲ್ಲು ಒಳಕ್ಕೆ ಸವೆದುಹೋಗಿರುತ್ತದೆ. ಇಂಥ ಒಂದು ಗೋಡೆಯ ಮುಂದೆ ನಿಂತು ಬೆರಳಿನಿಂದ ಮುಟ್ಟಿದಾಗ ಹದಿನೇಳು ಕೋಟಿ ವರ್ಷದ ರಾಗಿಕಾಳುಗಳು ಪುಡಿಯಾಗಿ ನನ್ನ ಅಂಗೈಗೆ ಉದುರಿದವು. ಆ ನೋವು ನನಗೆ ಇನ್ನೂ ಹೋಗಿಲ್ಲ.

ಕೊನೆಯದಾಗಿ ಚಾವಣಿಗೆ ಮರಳುತ್ತೇನೆ. ಕಾಲಿವೆಸ್ಟನ್ ಗಣಿಗಳು 1960ರ ದಶಕದ ಹೊತ್ತಿಗೆ ನಿಂತುಹೋದವು. ಚಳಿಗಾಲಗಳು ಮೊದಲಿನಷ್ಟು ಬಿಗಿಯಾಗಿರಲಿಲ್ಲ, ಯಂತ್ರದ ಹಂಚು ಅಗ್ಗವಾಗಿ ಸಿಗುತ್ತಿತ್ತು. ಆಮೇಲೆ ಒಂದು ಚಾವಣಿ ಸರಿಮಾಡಬೇಕಾದರೆ ಇನ್ನೊಂದು ಹಳೆಯ ಕೊಟ್ಟಿಗೆಯ ಚಾವಣಿಯನ್ನು ಬಿಚ್ಚಿ ಕಲ್ಲು ತರಬೇಕು. ಒಬ್ಬರ ಸೂರು ಉಳಿಸಲು ಇನ್ನೊಬ್ಬರ ಸೂರು ಕಳಚುವುದು ಎಷ್ಟು ದಿನ ನಡೆದೀತು? ಹತ್ತಿರದ ಏಪ್‌ಥಾರ್ಪ್ ಅರಮನೆಯ ಚಾವಣಿಯ ಕೆಲಸದ ಸಂದರ್ಭದಲ್ಲಿ ಸಂರಕ್ಷಣೆಯವರು ಒಂದು ಪ್ರಯೋಗಕ್ಕೆ ಕೈಹಾಕಿದರು. ಹಸಿ ಬಂಡೆಗಳನ್ನು ದೊಡ್ಡ ಶೀತಲಪೆಟ್ಟಿಗೆಯಲ್ಲಿಟ್ಟು ಹೆಪ್ಪುಗಟ್ಟಿಸಿ, ಕರಗಿಸಿ, ಮತ್ತೆ ಹೆಪ್ಪುಗಟ್ಟಿಸಿದರು. ಕಲ್ಲು ಸೀಳಿತು. ಹಳೆಯ ಚಳಿಗಾಲ ಮಾಡುತ್ತಿದ್ದ ಕೆಲಸವನ್ನು ಪೆಟ್ಟಿಗೆ ಕೆಲವೇ ವಾರಗಳಲ್ಲಿ, ಬೇಸಿಗೆಯಲ್ಲೂ ಮಾಡಿತು. ಕಳೆದ ದಶಕದಲ್ಲಿ ಕಾಲಿವೆಸ್ಟನ್‌ನಲ್ಲಿ ಮತ್ತೆ ಗಣಿಗಾರಿಕೆ ಶುರುವಾಗಿದೆ.

ಹಿಮದ ಕೆಲಸವನ್ನು ಯಂತ್ರ ಮಾಡುತ್ತದೆ. ಹೆಪ್ಪು ಬಿಟ್ಟ ಬಂಡೆಯನ್ನು ತೊಡೆಯ ನಡುವೆ ನೆಟ್ಟಗೆ ನಿಲ್ಲಿಸಿಕೊಂಡು, ಎಲ್ಲಿ ತಟ್ಟಿದರೆ ಬಿಚ್ಚುತ್ತದೆ ಎಂದು ಸುತ್ತಿಗೆಯ ಸದ್ದಿನಿಂದಲೇ ಗುರುತಿಸುವುದು ಮಾತ್ರ ಇನ್ನೂ ಮನುಷ್ಯನ ಕೈಯಲ್ಲೇ ಇದೆ. ಮುಂದಿನ ಸಲ ಸ್ಟ್ಯಾಮ್‌ಫರ್ಡ್‌ಗೆ ಹೋದಾಗ ಯಾವುದಾದರೂ ಮನೆಗೆ ಮರದ ಅಟ್ಟಣೆ ಕಟ್ಟಿದ್ದರೆ ಕೆಳಗೆ ನಿಂತು ಸ್ವಲ್ಪ ಹೊತ್ತು ನೋಡಿ. ಇಳಿಸಿದ ಹಳೆಯ ಸ್ಲೇಟುಗಳನ್ನು ಬೀದಿಬದಿಯಲ್ಲಿ ಗಾತ್ರಕ್ಕೆ ತಕ್ಕಂತೆ ಸಾಲಾಗಿ ಒರಗಿಸಿರುತ್ತಾರೆ. ಪ್ರತಿಯೊಂದನ್ನೂ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡುತ್ತಾರೆ. ಠಣ್ಣೆಂದರೆ ಮತ್ತೆ ಮೇಲಕ್ಕೆ, ಮಂಕಾಗಿ ಸದ್ದು ಮಾಡಿದರೆ ಪಕ್ಕಕ್ಕೆ. ಹಾಗೆ ಪಕ್ಕಕ್ಕೆ ಹೋದಷ್ಟರ ಲೆಕ್ಕ ಹಿಡಿದು ಕಾಲಿವೆಸ್ಟನ್‌ನಿಂದ ಹೊಸವನ್ನು ತರಿಸುತ್ತಾರೆ.